ಮಿಠಿ ನದಿಯ ದಂಡೆಯಲ್ಲೊಂದು ಹೆಬ್ಬಾಗಿಲು

ಮುಂಬಯಿಯ ಹಳೆಯ ನಕ್ಷೆಗಳಲ್ಲಿ ಬಾಂದ್ರಾಕ್ಕೂ ಕುರ್ಲಾಕ್ಕೂ ನಡುವೆ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ವಿಹಾರ, ಪವಾಯಿ ಕೆರೆಗಳ ಕೋಡಿ ನೀರನ್ನು ಹೊತ್ತು ತರುವ ಮಿಠಿ ನದಿ ಮಾಹೀಮಿನ ಕೊಲ್ಲಿಯನ್ನು ಸೇರುವುದಕ್ಕೆ ಮೊದಲು ಇಲ್ಲಿ ಸೋಮಾರಿಯಂತೆ ಮೈಚೆಲ್ಲಿ ಮಲಗಿ, ಉಬ್ಬರದಲ್ಲಿ ಉಪ್ಪುನೀರನ್ನೂ ಇಳಿತದಲ್ಲಿ ಕೆಸರನ್ನೂ ಪ್ರದರ್ಶಿಸುತ್ತಿತ್ತು. 1970ರ ದಶಕದ ಕೊನೆಯಲ್ಲಿ ಮಹಾನಗರದ ಅಭಿವೃದ್ಧಿ ಪ್ರಾಧಿಕಾರದವರು ಈ ಜೌಗು ನೆಲವನ್ನು ಕೈಗೆತ್ತಿಕೊಂಡು, ಮಣ್ಣು ತುಂಬಿ, ರಸ್ತೆ ಎಳೆದು, ಅಕ್ಷರಗಳ ಹೆಸರಿನ ವಿಭಾಗಗಳನ್ನಾಗಿ ವಿಂಗಡಿಸಿದರು. ಈಗ ಅಲ್ಲಿ ಬ್ಯಾಂಕುಗಳ ಗಾಜಿನ ಸೌಧಗಳಿವೆ, ರಾಷ್ಟ್ರೀಯ ಷೇರುಪೇಟೆಯಿದೆ, ವಜ್ರದ ವರ್ತಕರ ಬೃಹತ್ ಭವನವಿದೆ. 2024ರ ಅಕ್ಟೋಬರಿನಿಂದ ನೆಲದ ಕೆಳಗೆ ರೈಲೂ ಓಡುತ್ತಿದೆ. ಇಷ್ಟೆಲ್ಲದರ ನಡುವೆ, ಎತ್ತರದ ಗೋಡೆಯ ಹಿಂದೆ ತಗ್ಗಿ ಕುಳಿತಂತಿರುವ ಒಂದು ಆವರಣದ ಮುಂದೆ ಬೆಳಗಿನ ಎಂಟು ಗಂಟೆಗೆ ಮೊದಲೇ ಜನ ನೆರೆಯುತ್ತಾರೆ. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಮಹಾದೂತಾವಾಸ.

ನೆರೆದವರಲ್ಲಿ ಎರಡು ಬಗೆಯುಂಟು. ಓದಲಿಕ್ಕೋ ದುಡಿಯಲಿಕ್ಕೋ ಹೊರಟ ತರುಣರದು ಒಂದು ಬಗೆ. ಅವರ ಕೈಯಲ್ಲಿ ತೆಳುವಾದ ಕಡತ, ನಡಿಗೆಯಲ್ಲಿ ಅವಸರ. ಇನ್ನೊಂದು ಬಗೆಯವರು ಸಂಸಾರ ಸಮೇತರಾಗಿ ಬಂದಿರುತ್ತಾರೆ. ಅವರ ಕಡತ ಗೇಣುದಪ್ಪ. ತಲೆ ನರೆತ ಗಂಡ, ರೇಷ್ಮೆ ಸೀರೆ ಉಡಬೇಕೇ ಹತ್ತಿಯ ಸೀರೆ ಸಾಕೇ ಎಂದು ಹಿಂದಿನ ರಾತ್ರಿಯೆಲ್ಲ ಯೋಚಿಸಿದ ಹೆಂಡತಿ, ಅಪ್ಪ ಅಮ್ಮನಿಗಿಂತ ಎರಡು ಹೆಜ್ಜೆ ದೂರ ನಿಂತ ಮಗಳು. ಗುಜರಾತಿ, ಪಂಜಾಬಿ ಮಾತುಗಳೇ ಹೆಚ್ಚಾಗಿ ಕೇಳಿಬರುವ ಆ ಗುಂಪಿನಲ್ಲಿ ತೆಲುಗೂ ಉಂಟು, ಒಮ್ಮೊಮ್ಮೆ ಮೈಸೂರಿನ ಕಡೆಯ ಕನ್ನಡವೂ ಉಂಟು. ಇವರು ನೋಡಿಬರಲು ಹೊರಟವರಲ್ಲ, ನೆಲೆಸಲು ಹೊರಟವರು. ಭಾರತದಲ್ಲಿ ವಲಸೆ ವೀಸಾದ ಸಂದರ್ಶನಗಳು ಬಹುಮಟ್ಟಿಗೆ ನಡೆಯುವುದು ಮುಂಬಯಿಯಲ್ಲಿಯೇ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸವೊಂದು ಉದ್ಘಾಟನೆಯಾಯಿತಾದರೂ ಅದು ವೀಸಾ ಕೊಡುವ ಕೆಲಸದೊಡನೆ ಆರಂಭವಾದುದಲ್ಲ. ಆದ್ದರಿಂದ ಕರ್ಣಾಟಕದ ಸಂಸಾರಗಳಿಗೆ ಅಮೆರಿಕದ ಹೆಬ್ಬಾಗಿಲು ಮಿಠಿ ನದಿಯ ಈ ದಂಡೆಯಲ್ಲಿದೆ.

ಈ ಬಾಗಿಲು ಹಿಂದೆ ಇದ್ದುದು ಇನ್ನೂ ರಮ್ಯವಾದ ಜಾಗದಲ್ಲಿ. ಬ್ರೀಚ್ ಕ್ಯಾಂಡಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಮುಖಮಾಡಿ, ವಾಂಕಾನೇರ್ ಸಂಸ್ಥಾನದ ಮಹಾರಾಜರು 1930ರ ದಶಕದಲ್ಲಿ ಕಟ್ಟಿಸಿದ ಅರಮನೆಯೊಂದುಂಟು. ವಾಸ್ತುಶಿಲ್ಪಿ ಕ್ಲಾಡ್ ಬ್ಯಾಟ್ಲಿ. 1950ರ ದಶಕದ ಕೊನೆಯಲ್ಲಿ ಅದು ಅಮೆರಿಕದವರ ಕೈಗೆ ಬಂದು ಲಿಂಕನ್ ಹೌಸ್ ಎಂಬ ಹೆಸರು ಪಡೆಯಿತು. ಭೂಲಾಭಾಯಿ ದೇಸಾಯಿ ರಸ್ತೆಯ ಕಾಲುದಾರಿಯ ಮೇಲೆ ಸಾಲು ನಿಂತು, ಮಳೆಗಾಲದಲ್ಲಿ ಕೊಡೆ ಹಿಡಿದು, ಕಡಲಿನ ಗಾಳಿಗೆ ಕಾಗದಗಳು ಹಾರದಂತೆ ಎದೆಗೊತ್ತಿಕೊಂಡು ಕಾದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. 2011ರ ನವೆಂಬರಿನಲ್ಲಿ ಕಚೇರಿ ಬಾಂದ್ರಾ-ಕುರ್ಲಾಕ್ಕೆ ಬಂತು. ಮುಂಬಯಿಗೆ ಬರುವ ಪ್ರತಿಯೊಂದು ವಲಸೆ ಅರ್ಜಿಯ ಸಂಖ್ಯೆಯೂ ಇಂದಿಗೂ ಬಿ, ಎಂ, ಬಿ ಎಂಬ ಮೂರು ಅಕ್ಷರಗಳಿಂದಲೇ ಮೊದಲಾಗುತ್ತದೆಂಬುದು ಒಂದು ಸ್ವಾರಸ್ಯ. 1995ರಲ್ಲಿ ಊರು ಮುಂಬಯಿಯಾಯಿತು, ಅರ್ಜಿಗಳ ಪಾಲಿಗೆ ಅದು ಬೊಂಬಾಯಿಯಾಗಿಯೇ ಉಳಿಯಿತು.

ಸಾಲಿನಲ್ಲಿ ನಿಂತವರಿಗೆ ಇತಿಹಾಸ ಬೇಕಾಗಿರುವುದಿಲ್ಲ, ಆದರೆ ಸಾಲು ಹುಟ್ಟಿದ್ದು ಇತಿಹಾಸದಿಂದ. 1917ರ ಅಮೆರಿಕದ ಕಾಯಿದೆ ಏಷ್ಯದ ನಕ್ಷೆಯ ಮೇಲೆ ಗೆರೆ ಎಳೆದು, ಅದರೊಳಗಿನವರಿಗೆ ಪ್ರವೇಶವಿಲ್ಲವೆಂದಿತು, ಭಾರತ ಗೆರೆಯೊಳಗಿತ್ತು. 1946ರಲ್ಲಿ ಆ ಗೆರೆ ಕೊಂಚ ಸಡಿಲವಾಗಿ ವರ್ಷಕ್ಕೆ 100 ಮಂದಿ ಭಾರತೀಯರು ವಲಸೆ ಬರಬಹುದೆಂದಾಯಿತು. ಇಡೀ ದೇಶಕ್ಕೆ ನೂರು! ಒಂದು ಮದುವೆಯ ದಿಬ್ಬಣದ ಮುಂದಿನ ಎರಡು ಬಸ್ಸುಗಳಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್‌ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಸಹಿ ಹಾಕಿದ ಕಾಯಿದೆ ಈ ಲೆಕ್ಕವನ್ನು ಅಳಿಸಿತು. ಅದರಲ್ಲಿ ಬಂಧುಗಳಿಗೆ ಅಗ್ರಸ್ಥಾನ ಕೊಡಿಸಿದವರಲ್ಲಿ ಪ್ರಮುಖರು ಒಹಾಯೋದ ಕಾಂಗ್ರೆಸ್ ಸದಸ್ಯ ಮೈಕೆಲ್ ಫೀಗನ್. ಈಗಾಗಲೇ ನೆಲೆಸಿದವರ ಬಂಧುಗಳಿಗೆ ಮೊದಲ ಮಣೆ ಹಾಕಿದರೆ ಐರೋಪ್ಯರೇ ಬಂದಾರು, ಬಂಧುಗಳೇ ಇಲ್ಲದ ಏಷ್ಯದವರು ಬರುವುದು ಹೇಗೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಲೆಕ್ಕ ತಪ್ಪಿತು. ವೈದ್ಯರಾಗಿ, ಎಂಜಿನಿಯರರಾಗಿ ಹೋದ ಏಷ್ಯದವರು ಪೌರತ್ವ ಪಡೆದರು. ಪಡೆದ ಮೇಲೆ ಮನೆಯ ಕಡೆ ತಿರುಗಿ ನೋಡಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಾಯಿದೆಯ ಸಂಸಾರವೇ ಬೇರೆ, ಮನೆಯ ಸಂಸಾರವೇ ಬೇರೆ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿ, 21 ವರ್ಷ ತುಂಬದ ಅವಿವಾಹಿತ ಮಕ್ಕಳು, ಪ್ರಜೆಗೆ 21 ತುಂಬಿದ್ದರೆ ಅವನ ತಂದೆತಾಯಿ, ಇವರಷ್ಟೇ ಹತ್ತಿರದ ಬಂಧುಗಳು. ಇವರಿಗೆ ಸಂಖ್ಯೆಯ ಮಿತಿಯಿಲ್ಲ. ಕಾಗದಗಳು ಸಾಗುವಷ್ಟು ಕಾಲ ಕಾದರೆ ಸಾಕು. ದೊಡ್ಡ ಮಕ್ಕಳಿಗೂ ಒಡಹುಟ್ಟಿದವರಿಗೂ ಬೇರೆ ಬೇರೆ ಸಾಲುಗಳು, ಸಾಲಿಗಿಷ್ಟು ಎಂದು ವಾರ್ಷಿಕ ಮಿತಿ. ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಇವರಿಗೆ ಸಾಲೇ ಇಲ್ಲ. ಕನ್ನಡದ ಮನೆಯಲ್ಲಿ ದೊಡ್ಡಪ್ಪನ ಮಗನೂ ಅಣ್ಣ, ದೊಡ್ಡಮ್ಮನ ಮಗಳೂ ಅಕ್ಕ. ಕಿಟಕಿಯ ಮುಂದೆ ನಿಂತ ಗೃಹಸ್ಥರೊಬ್ಬರು ಅಭ್ಯಾಸಬಲದಿಂದ ‘ನನಗೆ ಅಲ್ಲಿ ಮೂವರು ತಮ್ಮಂದಿರು’ ಎಂದುಬಿಟ್ಟರೆ, ಅರ್ಜಿಯಲ್ಲಿ ಒಬ್ಬನನ್ನೇ ಬರೆದಿರುವಾಗ, ಅಧಿಕಾರಿಯ ಲೇಖನಿ ಅಲ್ಲಿಯೇ ನಿಲ್ಲುವುದು ಸಹಜ.

ಒಡಹುಟ್ಟಿದವರ ಸಾಲಿಗೆ ಕಾಯಿದೆ ಇಟ್ಟಿರುವುದು ವರ್ಷಕ್ಕೆ 65,000 ವೀಸಾ, ಅದೂ ಇಡೀ ಜಗತ್ತಿಗೆ. ಹೆಂಡತಿ ಮಕ್ಕಳೂ ಆ ಲೆಕ್ಕದೊಳಗೇ ಬರಬೇಕು. ಮಿತಿಯುಳ್ಳ ವೀಸಾಗಳ ಒಟ್ಟು ಮೊತ್ತದಲ್ಲಿ ಯಾವ ಒಂದು ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮ ಬೇರೆ. ಜನ ಹೆಚ್ಚು, ಪಾಲು ಅಷ್ಟೇ. ಸಾಲು ಬೆಳೆಯದೆ ಏನು ಮಾಡೀತು? ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಒಂದು ಪಟ್ಟಿಯನ್ನು ಪ್ರಕಟಿಸಿ, ಯಾವ ದಿನಾಂಕದವರೆಗೆ ಅರ್ಜಿ ಹಾಕಿದವರ ಸರದಿ ಬಂದಿದೆ ಎಂದು ತಿಳಿಸುತ್ತದೆ. 2025ರ ಕೊನೆಯಲ್ಲಿ ಭಾರತದ ಅಣ್ಣತಮ್ಮಂದಿರ ಸಾಲು ಮುಟ್ಟಿದ್ದುದು 2006ರ ಅರ್ಜಿಗಳನ್ನು. ಹತ್ತೊಂಬತ್ತು ವರ್ಷ! ಮೆಕ್ಸಿಕೋದವರು ಅದೇ ಸಾಲಿನಲ್ಲಿ 2001ರಲ್ಲಿಯೇ ನಿಂತಿದ್ದರು ಎಂಬುದು ಸಮಾಧಾನವಲ್ಲದ ಸಮಾಧಾನ. ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡುವಂತೆ ಕೆಲವು ಮನೆಗಳಲ್ಲಿ ಈ ಪಟ್ಟಿಯನ್ನು ತಿಂಗಳು ತಿಂಗಳೂ ಓದುತ್ತಾರೆ. ಗ್ರಹಗಳಂತೆ ಈ ದಿನಾಂಕಗಳಿಗೂ ವಕ್ರಗತಿಯುಂಟು. ಬೇಡಿಕೆ ಮಿತಿಮೀರಿದ ವರ್ಷ ಅವು ಮುಂದೆ ಹೋಗುವುದನ್ನು ಬಿಟ್ಟು ಹಿಂದಕ್ಕೆ ಸರಿಯುತ್ತವೆ.

ವಾಚಕರು ಇಂಥ ಸಾಲಿನಲ್ಲಿ ನಿಂತ ಮೈಸೂರಿನ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ತಮ್ಮ ಎಂಜಿನಿಯರ್, ಅಮೆರಿಕದ ಪ್ರಜೆ. ‘ಇರುವವನು ಒಬ್ಬ ಅಣ್ಣ, ಅವನನ್ನೂ ಕರೆಸಿಕೋ’ ಎಂದು ತಾಯಿ ಹೇಳಿದುದಕ್ಕೆ 2006ರ ಏಪ್ರಿಲಿನಲ್ಲಿ ಅರ್ಜಿ ಸಲ್ಲಿಸಿದ. ಅಣ್ಣನಿಗೆ ಆಗ ನಲವತ್ತೆರಡು. ಮಗನಿಗೆ ಆರು ವರ್ಷ, ಮಗಳಿಗೆ ಎರಡು. ಅರ್ಜಿಯ ಪರಿಶೀಲನೆಗೇ ನಾಲ್ಕು ವರ್ಷ ಹಿಡಿದು 2010ರಲ್ಲಿ ಒಪ್ಪಿಗೆಯ ಕಾಗದ ಬಂತು. ಮನೆಯವರು ಸಂತೋಷಪಟ್ಟರು, ನೆರೆಹೊರೆಯವರಿಗೆ ಹೇಳಿಕೊಂಡರು. ಒಪ್ಪಿಗೆಯೆಂದರೆ ಸಾಲಿನಲ್ಲಿ ನಿಲ್ಲಲು ಒಪ್ಪಿಗೆ ಅಷ್ಟೇ ಎಂಬುದು ಆಮೇಲೆ ತಿಳಿಯಿತು. ಸರದಿ ಬಂದುದು 2025ರಲ್ಲಿ. ಅಷ್ಟರಲ್ಲಿ ಅರ್ಜಿ ಹಾಕೆಂದ ತಾಯಿ ತೀರಿಕೊಂಡಿದ್ದರು, ಅಣ್ಣ ನಿವೃತ್ತನಾಗಿದ್ದ, ಮಕ್ಕಳು ಮಕ್ಕಳಾಗಿ ಉಳಿದಿರಲಿಲ್ಲ. ಈ ನಡುವೆ ತಮ್ಮನೇ ಇಲ್ಲವಾಗಿದ್ದರೆ ಅರ್ಜಿಯೂ ಸಾಧಾರಣವಾಗಿ ಅವನೊಡನೆಯೇ ಮುಗಿಯುತ್ತಿತ್ತು. ಅಣ್ಣ ಇಲ್ಲವಾಗಿದ್ದರೆ ಅತ್ತಿಗೆಗೂ ಮಕ್ಕಳಿಗೂ ಆ ಸಾಲಿನಲ್ಲಿ ಸ್ಥಾನವಿರುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಎರಡು ಜೀವಗಳು ಗಟ್ಟಿಯಾಗಿರಬೇಕೆಂಬುದು ಯಾವ ನಮೂನೆಯಲ್ಲೂ ಬರೆದಿಲ್ಲದ ಷರತ್ತು.

ಅಣ್ಣನ ಜೊತೆಯಲ್ಲಿ ಹೋಗಬಹುದಾದವರು ಹೆಂಡತಿ ಹಾಗೂ 21 ತುಂಬದ ಅವಿವಾಹಿತ ಮಕ್ಕಳು. ಕಾಯುವಿಕೆಯೇ ಬಾಲ್ಯಕ್ಕಿಂತ ಉದ್ದವಾದಾಗ ಮಕ್ಕಳು ಸಾಲಿನಲ್ಲಿ ನಿಂತಂತೆಯೇ ದೊಡ್ಡವರಾಗಿ ಹೊರಬೀಳುತ್ತಾರೆ. ಇದನ್ನು ಕಂಡು ಅಮೆರಿಕದ ಶಾಸನಸಭೆ 2002ರಲ್ಲಿ ಒಂದು ಪರಿಹಾರ ಮಾಡಿತು. ಸರದಿ ಬಂದ ದಿನ ಮಗುವಿಗೆ ಎಷ್ಟು ವಯಸ್ಸೋ ಅದರಿಂದ, ಅರ್ಜಿಯ ಪರಿಶೀಲನೆಗೆ ಇಲಾಖೆ ತೆಗೆದುಕೊಂಡ ದಿನಗಳನ್ನು ಕಳೆಯಬೇಕು. ಉಳಿದುದು 21ಕ್ಕಿಂತ ಕಡಿಮೆಯಾದರೆ ಕಾಯಿದೆಯ ಕಣ್ಣಿಗೆ ಅದು ಇನ್ನೂ ಮಗುವೇ. ಸರದಿ ಬಂದ ಒಂದು ವರ್ಷದೊಳಗೆ ಹಕ್ಕು ಕೇಳಿಕೊಳ್ಳಬೇಕೆಂಬ ಷರತ್ತೂ ಉಂಟು. ಮೈಸೂರಿನ ಸಂಸಾರದ ಲೆಕ್ಕ ಹೀಗೆ: ಮಗಳಿಗೆ 21 ದಾಟಿದೆ, ನಾಲ್ಕು ವರ್ಷ ಕಳೆದರೆ 17, ಅವಳು ಒಳಗೆ. ಮಗನಿಗೆ 25 ವರ್ಷ ಆರು ತಿಂಗಳು, ನಾಲ್ಕು ಕಳೆದರೆ 21 ವರ್ಷ ಆರು ತಿಂಗಳು, ಅವನು ಹೊರಗೆ. 2006ರಿಂದ 2010ರವರೆಗೆ ‘ಇವರ ಕಚೇರಿಯೂ ನಮ್ಮ ತಾಲ್ಲೂಕು ಕಚೇರಿಯಂತೆಯೇ ಆಯಿತಲ್ಲ’ ಎಂದು ಮನೆಯವರು ಬೈದುಕೊಂಡ ವಿಳಂಬವೇ ಮಗಳನ್ನು ಉಳಿಸಿತು. ವಿಳಂಬ ಇನ್ನೊಂದು ಏಳು ತಿಂಗಳು ಬೆಳೆದಿದ್ದರೆ ಮಗನೂ ಉಳಿಯುತ್ತಿದ್ದ.

ಸರದಿ ಬಂದೊಡನೆ ಕಾಗದಗಳ ಕಾಲ ಮೊದಲಾಗುತ್ತದೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೋರ್ಟ್ಸ್‌ಮತ್ ಎಂಬ ಪುಟ್ಟ ಬಂದರು ಊರಿನಲ್ಲಿ ವೀಸಾ ಕೇಂದ್ರವೊಂದುಂಟು. ಜಗತ್ತಿನ ಎಲ್ಲ ಕಡೆಯ ವಲಸೆ ಅರ್ಜಿಗಳು ಅಲ್ಲಿ ಹಾದು ಬರಬೇಕು. ಜನನ ಪತ್ರ, ವಿವಾಹ ಪತ್ರ, ಪೊಲೀಸ್ ಪ್ರಮಾಣಪತ್ರಗಳನ್ನು ಅದು ಕೇಳುತ್ತದೆ. ಕೇಳುವುದು ಸುಲಭ. 1960ರ ದಶಕದಲ್ಲಿ ಅಜ್ಜಿಯ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವನ ಜನನವನ್ನು ಬರೆದಿಟ್ಟವರಾರು? ಮನೆಯಲ್ಲಿ ಜಾತಕವಿದೆ, ಅದರಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಘಳಿಗೆ ಎಲ್ಲವೂ ಇವೆ, ಅಧಿಕಾರಿಗೆ ಬೇಕಾದ ಮೊಹರೊಂದಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ದಿನಾಂಕವಿದೆ, ಅದು ಶಾಲೆಗೆ ಸೇರಿಸಿದ ದಿನ ಮೇಷ್ಟರು ತಮಗೆ ಅನುಕೂಲವಾಗುವಂತೆ ಬರೆದುಕೊಂಡ ದಿನಾಂಕ. ಜನನ ಮರಣಗಳನ್ನು ಕಡ್ಡಾಯವಾಗಿ ನೋಂದಾಯಿಸುವ ದೇಶವ್ಯಾಪಿ ಕಾಯಿದೆ ಬಂದುದೇ 1969ರಲ್ಲಿ. ಆದ್ದರಿಂದ ನೋಂದಣಿಯಾಗಿಲ್ಲವೆಂದು ಸ್ಥಳೀಯ ಅಧಿಕಾರಿಯಿಂದ ಒಂದು ಪತ್ರ ತಂದು, ಹುಟ್ಟನ್ನು ಬಲ್ಲ ಹಿರಿಯ ಬಂಧುಗಳಿಂದ ಪ್ರಮಾಣಪತ್ರ ಬರೆಸಬೇಕು. ಮನೆತನದ ಕೊನೆಯ ಸಾಕ್ಷಿಯಾಗಿ ಉಳಿದ ಸೋದರತ್ತೆಯನ್ನು ಆಟೋದಲ್ಲಿ ಕೂರಿಸಿ ನೋಟರಿಯ ಬಳಿಗೆ ಕರೆದೊಯ್ಯುತ್ತಾರೆ. ಆಕೆ ಅಲ್ಲಿ, ಅಂದು ಎಂಥ ಮಳೆ ಬಂದಿತ್ತು, ಕೊಟ್ಟಿಗೆಯ ಹೆಂಚು ಹೇಗೆ ಹಾರಿತ್ತು ಎಂಬುದನ್ನೆಲ್ಲ ಹೇಳುತ್ತಾರೆ. ನೋಟರಿ ನಾಲ್ಕು ಸಾಲು ಬರೆದುಕೊಳ್ಳುತ್ತಾರೆ.

ಹೆಸರಿನ ಕಥೆ ಇನ್ನೂ ಸೊಗಸು. ಉತ್ತರದವರಿಗೆ ಮನೆತನದ ಹೆಸರೊಂದು ಬಾಲದಂತೆ ಹುಟ್ಟಿನಿಂದಲೇ ಅಂಟಿರುತ್ತದೆ. ಹಳೆಯ ಮೈಸೂರಿನ ಕಡೆ ಹಾಗಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಅಣ್ಣನ ಶಾಲಾದಾಖಲೆಯಲ್ಲಿ ತಂದೆ ‘ನಾರಾಯಣಪ್ಪ’, ತಮ್ಮನದರಲ್ಲಿ ‘ನಾರಾಯಣರಾವ್’, ಪಿಂಚಣಿ ಪುಸ್ತಕದಲ್ಲಿ ‘ಕೆ. ನಾರಾಯಣ’. ಮನೆಯಲ್ಲಿ ಇದು ಯಾರಿಗೂ ತೊಡಕಾಗಿರಲಿಲ್ಲ. ಆದರೆ ಅಣ್ಣತಮ್ಮಂದಿರೆಂದು ತೋರಿಸಬೇಕಾದರೆ ಇಬ್ಬರ ಕಾಗದಗಳಲ್ಲೂ ಅದೇ ತಂದೆಯೋ ಅದೇ ತಾಯಿಯೋ ಕಾಣಬೇಕು. ಮೂವರು ನಾರಾಯಣರೂ ಒಬ್ಬನೇ ಎಂಬುದಕ್ಕೆ ಮತ್ತೊಂದು ಪ್ರಮಾಣಪತ್ರ ಹುಟ್ಟಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಮನೆತನದ ಹೆಸರೆಂದು ಭಾವಿಸಿ, ಸ್ವಂತ ಹೆಸರಿನ ಜಾಗದಲ್ಲಿ ‘ಹೆಸರು ತಿಳಿಯದು’ ಎಂಬರ್ಥದ ಎಫ್, ಎನ್, ಯು ಎಂಬ ಅಕ್ಷರಗಳನ್ನು ಅಚ್ಚುಹಾಕುತ್ತಾರೆ. ತೊಟ್ಟಿಲಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರಿಗೆ ಬಂದ ಗತಿ ಇದು. ಬಲ್ಲವರು ವರ್ಷಗಳ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಂಡಿರುತ್ತಾರೆ.

ತಮ್ಮನ ಪಾಲಿಗೂ ಒಂದು ಕಾಗದವಿದೆ. ಬರುವ ಬಂಧುಗಳು ಸರಕಾರದ ಮೇಲೆ ಹೊರೆಯಾಗದಂತೆ ತಾನು ನೋಡಿಕೊಳ್ಳುವೆನೆಂದು ಅವನು ಬರೆದುಕೊಡಬೇಕು; ಅವನ ವರಮಾನ ಅಲ್ಲಿಯ ಬಡತನದ ಮಟ್ಟಕ್ಕಿಂತ ಕಾಲುಭಾಗದಷ್ಟಾದರೂ ಹೆಚ್ಚಿರಬೇಕು, ಸಾಲದಿದ್ದರೆ ಇನ್ನೊಬ್ಬರು ಜೊತೆಗೆ ಸಹಿ ಹಾಕಬೇಕು. ಇದು ಬರಿಯ ಉಪಚಾರದ ಮಾತಲ್ಲ, ನ್ಯಾಯಾಲಯದಲ್ಲಿ ನಿಲ್ಲುವ ಕರಾರು. ಬಂದವರು ಪೌರತ್ವ ಪಡೆಯುವವರೆಗೆ ಅಥವಾ ಸುಮಾರು ಹತ್ತು ವರ್ಷಗಳ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ ಅದು ಸಾಧಾರಣವಾಗಿ ಊರ್ಜಿತ. ಅವನ ಎಂಜಿನಿಯರಿಂಗ್ ಕಾಲೇಜಿನ ಶುಲ್ಕವನ್ನು ಅಣ್ಣ ಕಟ್ಟಿದಾಗ ಯಾವ ಕರಾರೂ ಆಗಿರಲಿಲ್ಲವೆಂಬುದು ಇಬ್ಬರಿಗೂ ನೆನಪಾಗುತ್ತದೆ. ಇಬ್ಬರೂ ಆಡುವುದಿಲ್ಲ.

ಬೆಂಗಳೂರಿನಿಂದ ಹೊರಡುವವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಳೆಯ ಒಡನಾಡಿ. ಗುಂತಕಲ್ಲು, ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆಗಳನ್ನು ಹಾದು ಸುಮಾರು ಒಂದು ರಾತ್ರಿ ಒಂದು ಹಗಲಿನ ಪ್ರಯಾಣ. ಕರಾವಳಿಯವರನ್ನು ಮತ್ಸ್ಯಗಂಧ ಕುರ್ಲಾದಲ್ಲಿಯೇ ಇಳಿಸುತ್ತದೆ. ವಿಮಾನದಲ್ಲಿ ಎರಡು ಗಂಟೆಯೊಳಗೆ ಬರಬಹುದಾದರೂ ಕಡತಗಳ ಭಯದಿಂದ ರೈಲನ್ನೇ ನಂಬುವವರುಂಟು. ದಾದರಿನಲ್ಲಿ ಇಳಿದು ಮಾಟುಂಗಾಕ್ಕೆ ಬಂದರೆ ಅರ್ಧ ಊರಿಗೆ ಬಂದಂತೆಯೇ. ಇಲ್ಲಿಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದುದು. ರೈಲು ನಿಲ್ದಾಣದ ಎದುರಿನ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಎಲೆಯ ಮೇಲೆ ಊಟ ಬಡಿಸುತ್ತಿದೆ. ಹೂವಿನಂಗಡಿಗಳ ಸಾಲಿನಲ್ಲಿ ಮಲ್ಲಿಗೆ, ಮರುಗ ಸಿಗುತ್ತವೆ. ನಾಳೆ ಯಾವ ದೇಶಕ್ಕೆ ಹೋಗಲು ಅನುಮತಿ ಕೇಳಬೇಕಾಗಿದೆಯೋ ಆ ದೇಶದ ಕಚೇರಿ ಐದಾರು ಕಿಲೋಮೀಟರು ದೂರದಲ್ಲಿದೆ. ಈ ಸಂಜೆ ಮಾತ್ರ ಸಾರು, ಪಲ್ಯ, ಮಜ್ಜಿಗೆ. ಹೆಂಡತಿಗೆ ಈ ಊರೇ ಪರದೇಶವೆನ್ನಿಸಿ, ಇನ್ನು ಅಷ್ಟು ದೂರ ಹೋಗಿ ಬದುಕುವುದು ಹೇಗೆಂಬ ಯೋಚನೆ ಮೊಟ್ಟಮೊದಲ ಬಾರಿಗೆ ಬರುವುದೂ ಬಹುಶಃ ಇಂಥ ಊಟದ ನಡುವೆಯೇ.

ಸಂದರ್ಶನಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳು ಎರಡು. ಗೊತ್ತುಮಾಡಿದ ವೈದ್ಯರಲ್ಲಿಯೇ ತಪಾಸಣೆ ಆಗಬೇಕು. ಎದೆಯ ಕ್ಷಕಿರಣ ಚಿತ್ರ, ರಕ್ತಪರೀಕ್ಷೆ, ದಡಾರ ಮೊದಲಾದವುಗಳ ಲಸಿಕೆ. ಎಂದೋ ವಾಸಿಯಾದ ಕ್ಷಯದ ಕಲೆ ಚಿತ್ರದಲ್ಲಿ ಕಂಡರೆ ಕಫವನ್ನು ಬೆಳೆಸಿ ನೋಡುತ್ತಾರೆ. ಅದಕ್ಕೆ ಎಂಟು ವಾರ. ಹತ್ತೊಂಬತ್ತು ವರ್ಷ ಕಾದವರಿಗೆ ಈ ಎಂಟು ವಾರ ಬಹಳ ದೀರ್ಘವಾಗಿ ತೋರುತ್ತದೆ. ಇನ್ನೊಂದು ಕೆಲಸ, ಬೇರೊಂದು ಕೇಂದ್ರದಲ್ಲಿ ಬೆರಳಚ್ಚು, ಭಾವಚಿತ್ರ ಕೊಡುವುದು. ಅದು ಬೇಗ ಮುಗಿಯುತ್ತದೆ.

ಆ ದಿನ ದೂರವಾಣಿಯನ್ನೂ ಕೈಚೀಲವನ್ನೂ ಒಳಗೆ ಬಿಡುವುದಿಲ್ಲ. ಅಪರಿಚಿತ ಊರಿನಲ್ಲಿ ಅವನ್ನು ಎಲ್ಲಿ ಇಡುವುದೆಂಬುದು ಬಂದವರ ಮೊದಲ ಗಾಬರಿ. ತಿಳಿದವರು ತಂಗಿದ ಕೋಣೆಯಲ್ಲಿಯೇ ಬಿಟ್ಟು ಬರುತ್ತಾರೆ. ತಪಾಸಣೆ ದಾಟಿ ಒಳಗೆ ಹೋದರೆ ಸಾಲುಕುರ್ಚಿಗಳ ವಿಶಾಲ ಕೊಠಡಿ, ಗಾಜಿನ ಕಿಟಕಿಗಳು, ಸಂಖ್ಯೆಗಳನ್ನು ತೋರಿಸುವ ಫಲಕ. ಮೊದಲನೆಯ ಕಿಟಕಿಯಲ್ಲಿ ಕಾಗದಗಳನ್ನು ಜೋಡಿಸಿಕೊಳ್ಳುತ್ತಾರೆ. ಆಮೇಲೆ ಕಾಯುವುದು. ಎಲ್ಲರ ಕಿವಿಯೂ ಕಿಟಕಿಗಳ ಕಡೆಗೇ. ಗಾಜಿನ ಹಿಂದಿನ ಮಾತು ಮೈಕಿನಲ್ಲಿ ಬರುವುದರಿಂದ ಇನ್ನೊಬ್ಬರ ಸಂಸಾರದ ಗುಟ್ಟು ಮುಂದಿನ ಸಾಲಿನವರಿಗೆ ಕೇಳಿಸದೆ ಇರುವುದಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು, ಗಂಡನನ್ನು ಮೊದಲು ಎಲ್ಲಿ ನೋಡಿದೆ, ಮದುವೆಗೆ ಯಾರು ಯಾರು ಬಂದಿದ್ದರು, ಮದುವೆಯಾದ ಮೇಲೆ ಎಷ್ಟು ದಿನ ಜೊತೆಗಿದ್ದಿರಿ ಎಂದು ಕೇಳುತ್ತಾರೆ. ಎರಡು ಸಲ ನೋಡಿ ಮದುವೆಗೆ ಒಪ್ಪುವುದು ಇಲ್ಲಿಯ ಪದ್ಧತಿಯೆಂಬುದು ಅಧಿಕಾರಿಗಳಿಗೆ ತಿಳಿಯದ ವಿಷಯವಲ್ಲ. ಆದರೂ ಕೇಳುತ್ತಾರೆ, ಸುಳ್ಳು ಮದುವೆಗಳೂ ನಡೆಯುತ್ತವೆಂಬುದನ್ನು ಹುಡುಗಿಯ ಕಡೆಯವರೂ ಅಲ್ಲಗಳೆಯಲಾರರು.

ಮೈಸೂರಿನವರ ಸಂಖ್ಯೆ ಬಂದಾಗ ಮೂವರೂ ಎದ್ದು ಕಿಟಕಿಯ ಮುಂದೆ ನಿಲ್ಲುತ್ತಾರೆ. ಬಲಗೈಯೆತ್ತಿ, ಹೇಳುವುದೆಲ್ಲ ಸತ್ಯವೆಂದು ಪ್ರಮಾಣ ಮಾಡಬೇಕು. ‘ನಿಮ್ಮನ್ನು ಕರೆಸಿಕೊಳ್ಳುತ್ತಿರುವವರು ಯಾರು?’ ‘ನನ್ನ ತಮ್ಮ.’ ‘ಸ್ವಂತ ತಮ್ಮನೇ?’ ‘ಒಂದೇ ತಾಯಿಯ ಮಕ್ಕಳು.’ ‘ಕಡೆಯ ಬಾರಿ ಯಾವಾಗ ನೋಡಿದಿರಿ?’ ತಾಯಿಯ ವೈಕುಂಠ ಸಮಾರಾಧನೆಯಲ್ಲಿ ಎಂಬ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಗೃಹಸ್ಥರು ತಡವರಿಸುತ್ತಾರೆ. ಮಗಳು ಸಹಾಯಕ್ಕೆ ಬರುತ್ತಾಳೆ. ‘ಮದುವೆಯಾಗಿದೆಯೇ?’ ಎಂದು ಅವಳನ್ನು ಕೇಳುತ್ತಾರೆ. ಇಲ್ಲ. ‘ಇನ್ನೊಬ್ಬ ಮಗನಿದ್ದಾನಲ್ಲ?’ ಕಾಗದಗಳಲ್ಲಿ ಅವನ ಹೆಸರನ್ನು ಕಾಣಿಸಲೇಬೇಕು; ಬಾರದ ಮಕ್ಕಳನ್ನೂ ಮರೆಮಾಚಬಾರದು. ಅಧಿಕಾರಿ ಹುಟ್ಟಿದ ದಿನಾಂಕ ನೋಡಿ, ಲೆಕ್ಕ ಹಾಕಿ, ತಲೆಯಾಡಿಸುತ್ತಾರೆ. ಆರು ತಿಂಗಳ ಆ ಅಂತರವನ್ನು ತುಂಬುವ ಅಧಿಕಾರ ಅವರಿಗೂ ಇಲ್ಲ. ಎಲ್ಲ ಸೇರಿ ಕೆಲವೇ ನಿಮಿಷಗಳ ಮಾತು.

ಕೆಲವರಿಗೆ ಅಲ್ಲಿಯೇ ಒಪ್ಪಿಗೆ ಸಿಗುತ್ತದೆ, ಪಾಸ್‌ಪೋರ್ಟು ಇಟ್ಟುಕೊಳ್ಳುತ್ತಾರೆ. ಕೆಲವರಿಗೆ ಒಂದು ಚೀಟಿ ಸಿಗುತ್ತದೆ. 221ನೆಯ ವಿಧಿಯ ಜಿ ಉಪವಿಧಿಯ ಪ್ರಕಾರ ಸದ್ಯಕ್ಕೆ ವೀಸಾ ಇಲ್ಲ, ಇಂಥ ಇಂಥ ಕಾಗದಗಳನ್ನು ತಂದುಕೊಡಿ ಎಂದು ಅದರಲ್ಲಿ ಇರುತ್ತದೆ. ಚೀಟಿ ಹಿಡಿದು ಹೊರಬಂದವರು ಎಲ್ಲವೂ ಮುಗಿಯಿತೆಂದು ರಸ್ತೆಯಂಚಿನಲ್ಲಿ ಕುಳಿತು ಅತ್ತುದುಂಟು. ಹಾಗೆ ಅಳಬೇಕಾದುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಬೇಕಾಗಿರುವುದು ಒಂದು ಜನನ ಪತ್ರ, ಒಂದು ತೆರಿಗೆಯ ಪ್ರತಿ, ಸಂಬಂಧವನ್ನು ತೋರಿಸುವ ಹಳೆಯ ಭಾವಚಿತ್ರಗಳು; ಕಾಗದಗಳಿಂದ ತೃಪ್ತಿಯಾಗದಾಗ ರಕ್ತಸಂಬಂಧದ ಡಿಎನ್ಎ ಪರೀಕ್ಷೆಯನ್ನೂ ಸೂಚಿಸುವುದುಂಟು. ಒಂದು ವರ್ಷದೊಳಗೆ ಕೊಟ್ಟರೆ ಅರ್ಜಿ ಮುಂದುವರಿಯುತ್ತದೆ. ಇಲ್ಲಿಯೇ ಮಧ್ಯವರ್ತಿಗಳು ಕಾಣಿಸಿಕೊಳ್ಳುವುದು. ಒಳಗೆ ತಮಗೆ ಬೇಕಾದವರಿದ್ದಾರೆಂದು ಹೇಳುವವರಿಂದ ಒಂದು ಅಂಗುಲದಷ್ಟೂ ಕೆಲಸ ಸಾಗುವುದಿಲ್ಲ. ನಮೂನೆಗಳನ್ನು ತುಂಬಲು ಓದುಬಲ್ಲ ಮಗಳೊಬ್ಬಳಿದ್ದರೆ ಸಾಕು. ಸುಳ್ಳು ಕಾಗದ ಮಾಡಿಸಿಕೊಡುವೆನೆಂದವನ ಮಾತನ್ನು ನಂಬಿದರೆ ಮುಂದೆಂದೂ ಬಾಗಿಲು ತೆರೆಯದಂತಾಗುವ ಅಪಾಯ ಬೇರೆ.

ಮೈಸೂರಿನವರಿಗೆ ಒಪ್ಪಿಗೆ ಸಿಗುತ್ತದೆ. ವೀಸಾ ಹೆಚ್ಚೆಂದರೆ ಆರು ತಿಂಗಳು ಊರ್ಜಿತ, ವೈದ್ಯರ ತಪಾಸಣೆಯ ದಿನದಿಂದ ಎಣಿಸಿದರೆ ಇನ್ನೂ ಕಡಿಮೆ. ಅಷ್ಟರೊಳಗೆ ಅಲ್ಲಿ ಕಾಲಿಡಬೇಕು. ಅಣ್ಣ ಹೋಗದಿದ್ದರೆ ಮಗಳೂ ಹೋಗುವಂತಿಲ್ಲ, ಅವಳ ಹಕ್ಕು ತಂದೆಯ ಹಕ್ಕಿನ ನೆರಳು. ಅವಳಿಗೆ ಹೋಗಬೇಕೆಂಬ ಆಸೆಯಿದೆ. ತಾಯಿಗೆ ಮನೆಯಲ್ಲಿ ಉಳಿಯುವ ಮಗನ ಊಟದ ಚಿಂತೆ. ಮಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ತನಗೇನೂ ಬೇಸರವಿಲ್ಲವೆನ್ನುತ್ತಾನೆ.

ಅವನಿಗೂ ಒಂದು ದಾರಿಯುಂಟು. ತಂದೆ ಅಲ್ಲಿ ನೆಲೆಸಿದ ಮೇಲೆ, 21 ದಾಟಿದ ಅವಿವಾಹಿತ ಮಗನಿಗಾಗಿ ಹೊಸದಾಗಿ ಅರ್ಜಿ ಹಾಕಬಹುದು. ಆ ಸಾಲು 2025ರ ಕೊನೆಯಲ್ಲಿ 2016ರ ಅರ್ಜಿಗಳ ಬಳಿ ನಿಂತಿತ್ತು. ಅಂದರೆ ಇನ್ನೊಂದು ಒಂಬತ್ತು ವರ್ಷ. ಅಷ್ಟೂ ಕಾಲ ಅವನು ಅವಿವಾಹಿತನಾಗಿಯೇ ಇರಬೇಕು. ತಂದೆ ಪ್ರಜೆಯಾಗುವ ಮೊದಲೇ ಅವನು ಮದುವೆಯಾದರೆ ಆ ಅರ್ಜಿ ಅಂದೇ ರದ್ದು. ತಂದೆ ಐದು ವರ್ಷ ನೆಲೆಸಿ ಪೌರತ್ವ ಪಡೆದರೆ ವಿವಾಹಿತ ಮಗನಿಗೂ ಒಂದು ಸಾಲುಂಟು, ಅದು ಇನ್ನೂ ಉದ್ದ. 2025ರ ಕೊನೆಯಲ್ಲಿ ಅದು 2011ರ ಅರ್ಜಿಗಳನ್ನು ನೋಡುತ್ತಿತ್ತು. ಗೃಹಸ್ಥರು ಮಾಟುಂಗಾದ ಕೋಣೆಯಲ್ಲಿ ಕುಳಿತು ಈ ವರ್ಷಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ. ಮಗನ ಜಾತಕ ಕೇಳಿ ಶಿವಮೊಗ್ಗದವರೊಬ್ಬರು ಈಗಾಗಲೇ ಎರಡು ಸಲ ಮಾತನಾಡಿದ್ದಾರೆ, ಹುಡುಗಿ ಚೆನ್ನಾಗಿದ್ದಾಳೆ, ಮಾಘದಲ್ಲಿ ಮುಹೂರ್ತ ಇಡಬಹುದೆಂದಿದ್ದಾರೆ. ರೈಲು ಹತ್ತುವುದರೊಳಗೆ ಅವರಿಗೆ ಏನಾದರೊಂದು ಉತ್ತರ ಹೇಳಬೇಕು.